ಲೇನಿಯರ್ ಜಲಾಶಯದ ಸ್ಪಾಟೆಡ್ ಬಾಸ್: ಹನ್ನೆರಡು ತಿಂಗಳೂ ಗಾಳ ಹಾಕುವ ಬಗೆ

ಕಾವೇರಿ ದಂಡೆಯಲ್ಲಿ ರಾಗಿಹಿಟ್ಟಿನ ಉಂಡೆ ಕಟ್ಟಿ ಮಹಶೀರ್‌ಗೆ ಕಾದವರು, ಕೆರೆ ಏರಿಯ ಮೇಲೆ ಕೂತು ಎರೆಹುಳಕ್ಕೆ ಮೀನು ಬರುವುದನ್ನು ನೋಡಿದವರು ಅಮೆರಿಕದ ಜಾರ್ಜಿಯಾಕ್ಕೆ ಬಂದು ಲೇನಿಯರ್ ಜಲಾಶಯದಲ್ಲಿ ಅದೇ ಪಟ್ಟು ಹಿಡಿದು ಕೂತರೆ ಬಹುಪಾಲು ಬರಿಗೈಲಿ ಮನೆಗೆ ಹೋಗುತ್ತಾರೆ. ಇಲ್ಲಿನ ಸ್ಪಾಟೆಡ್ ಬಾಸ್ ವಾಸನೆ ಹಿಡಿದು ಎರೆಯ ಹತ್ತಿರ ಬರುವ ಮೀನಲ್ಲ. ಕಣ್ಣಲ್ಲಿ ಗುರುತಿಸಿ, ಅಟ್ಟಿಸಿಕೊಂಡು ಹೋಗಿ, ಗುಂಪು ಕಟ್ಟಿ ಬೇಟೆಯಾಡುವ ಮೀನು. ಅದರ ಬೇಟೆ ಬ್ಲೂಬ್ಯಾಕ್ ಹೆರಿಂಗ್, ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. ಹೆರಿಂಗ್ ಯಾವ ತಿಂಗಳು ಎಷ್ಟು ಆಳದಲ್ಲಿ ಇರುತ್ತದೆ ಎಂದು ಗೊತ್ತಾದರೆ ಬಾಸ್ ಎಲ್ಲಿದೆ ಎಂಬುದರ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಉಳಿದ ಕಾಲು ಭಾಗ ದಾರ, ಕೊಕ್ಕೆ, ತಾಳ್ಮೆ.

ಕಮಿಂಗ್, ಆಲ್ಫರೆಟ್ಟಾ, ಸುವಾನಿ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ನೀರು ತೀರ ಹತ್ತಿರ. ಆದರೂ ಅನೇಕರಿಗೆ ಅದು ಬೇಸಿಗೆಯಲ್ಲಿ ಮಕ್ಕಳನ್ನು ಈಜಿಸುವ ಜಾಗ ಮಾತ್ರ. ಡಿಸೆಂಬರಿನ ಮಂಜು ಮುಸುಕಿದ ಬೆಳಗ್ಗೆ ಅದೇ ನೀರು ಬೇರೆಯೇ ಲೋಕ.

ಮೊದಲು ನೀರನ್ನು ಅರಿಯಿರಿ

ಚಾಟಹೂಚಿ ನದಿಗೆ ಕಟ್ಟಿದ ಬ್ಯೂಫರ್ಡ್ ಅಣೆಕಟ್ಟಿನಿಂದ 1950ರ ದಶಕದಲ್ಲಿ ಈ ಜಲಾಶಯ ಹುಟ್ಟಿತು. ವಿಸ್ತಾರ ಸುಮಾರು 38,000 ಎಕರೆ. ತುಂಬಿದಾಗಿನ ಮಟ್ಟ ಬೇಸಿಗೆಯಲ್ಲಿ ಸಮುದ್ರಮಟ್ಟದಿಂದ 1,071 ಅಡಿ, ಚಳಿಗಾಲದಲ್ಲಿ 1,070. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಹೊರಡುವ ಮುಂಚೆ ಇವತ್ತಿನ ಮಟ್ಟ ಎಷ್ಟಿದೆ ಎಂದು ನೋಡಬೇಕು. ಮಟ್ಟ ಐದು ಅಡಿ ಇಳಿದಿದ್ದರೆ ನಕ್ಷೆಯಲ್ಲಿ 25 ಅಡಿ ಎಂದು ತೋರಿಸುವ ದಿಬ್ಬ ನಿಜಕ್ಕೂ 20 ಅಡಿಯಲ್ಲಿರುತ್ತದೆ. ಕಳೆದ ತಿಂಗಳು ಸಲೀಸಾಗಿ ದಾಟಿದ ಕಲ್ಲು ಈ ತಿಂಗಳು ಪ್ರೊಪೆಲರ್‌ಗೆ ಬಡಿಯುತ್ತದೆ.

ಲೇನಿಯರ್ ಒಂದೇ ಜಲಾಶಯ ಅಲ್ಲ, ಎರಡು ಎಂದುಕೊಳ್ಳಿ. ಅಣೆಕಟ್ಟಿನ ಕಡೆಯ ದಕ್ಷಿಣ ಭಾಗ ಆಳ, ತಿಳಿನೀರು, ತುಂಬ ದೋಣಿ. ಉತ್ತರದಲ್ಲಿ ಚಾಟಹೂಚಿ ಮತ್ತು ಚೆಸ್ಟಟೀ ನದಿಗಳ ಎರಡು ತೋಳು. ಅಲ್ಲಿ ನೀರು ಕೆಂಪು ಮಣ್ಣಿನ ಬಣ್ಣ ತಾಳುತ್ತದೆ, ಆಳ ಕಡಿಮೆ, ವಸಂತ ಬೇಗ ಬರುತ್ತದೆ. ದಕ್ಷಿಣದಲ್ಲಿ ಹೆರಿಂಗ್ ಹಿಂದೆ ಓಡುವ ಸ್ಪಾಟೆಡ್ ಬಾಸ್‌ನದ್ದೇ ರಾಜ್ಯ. ಮೇಲೆ ಹೋದಷ್ಟೂ ಲಾರ್ಜ್‌ಮೌತ್ ಬಾಸ್ ಹೆಚ್ಚು ಸಿಗುತ್ತದೆ.

ನೀರಿನ ಕೆಳಗಿನ ಭೂಗೋಳದಲ್ಲಿ ನಾಲ್ಕು ಆಕಾರ ಗುರುತು ಹಿಡಿದರೆ ಸಾಕು. ದಡದಿಂದ ನೀರೊಳಗೆ ಚಾಚಿಕೊಂಡ ನೆಲದ ಮೂಗಿಗೆ ಇಲ್ಲಿ ಪಾಯಿಂಟ್ ಅನ್ನುತ್ತಾರೆ. ನಡುನೀರಲ್ಲಿ ಮುಳುಗಿದ ಗುಡ್ಡದ ನೆತ್ತಿಗೆ ಹಂಪ್. ಹಿಂದೆ ಮಳೆನೀರು ಹರಿದು ಕೊರೆದ ತೋಡುಗಳು ಈಗಲೂ ಕೊಲ್ಲಿಗಳ ತಳದಲ್ಲಿ ಚರಂಡಿಯಂತೆ ಇವೆ, ಅವು ಡಿಚ್. ನಾಲ್ಕನೆಯದು ಜನ ಮುಳುಗಿಸಿದ ಕೊಂಬೆಗಳ ಪೊದೆರಾಶಿ, ಅಂದರೆ ಬ್ರಷ್ ಪೈಲ್. ಇದಲ್ಲದೆ ಜಲಾಶಯ ತುಂಬುವ ಮೊದಲು ತಲೆ ಕಡಿದು ಹಾಗೇ ಬಿಟ್ಟ ಮರಗಳು ಆಳದಲ್ಲಿ ನಿಂತಿವೆ. ಅವುಗಳ ತುದಿ ಸಿಗುವುದು ಸುಮಾರು 35 ಅಡಿಯ ಕೆಳಗೆ.

ಹಿಡಿದದ್ದು ಸ್ಪಾಟೆಡ್ ಬಾಸೇ ಹೌದೇ?

ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ಹಿಂಬದಿಯನ್ನು ದಾಟಿದರೆ ಅದು ಲಾರ್ಜ್‌ಮೌತ್; ದಾಟದಿದ್ದರೆ ಸ್ಪಾಟೆಡ್. ಪಾರ್ಶ್ವರೇಖೆಯ ಕೆಳಗೆ ಸಾಲಾಗಿ ಸಣ್ಣ ಚುಕ್ಕೆಗಳಿರುತ್ತವೆ. ಅನುಮಾನವಿದ್ದರೆ ನಾಲಿಗೆಯ ನಡುವೆ ಬೆರಳಾಡಿಸಿ. ಸ್ಪಾಟೆಡ್ ಬಾಸ್‌ಗೆ ಅಲ್ಲಿ ಉಪ್ಪುಕಾಗದದಂತೆ ಒರಟಾದ ಹಲ್ಲಿನ ಮಚ್ಚೆ ಇರುತ್ತದೆ. ವಿಜ್ಞಾನಿಗಳು ಇಲ್ಲಿನ ಮೀನನ್ನು ಈಗ ಅಲಬಾಮಾ ಬಾಸ್ ಎಂಬ ಬೇರೆ ಜಾತಿಯಾಗಿ ಎಣಿಸುತ್ತಾರೆ. ಮೊಬೈಲ್ ನದಿ ಕಣಿವೆಯ ಈ ಮೀನು ಚಾಟಹೂಚಿಯ ಮೂಲನಿವಾಸಿಯಲ್ಲ. ಹೆರಿಂಗ್ ಕೂಡ ಎರೆಯಾಗಿ ಬಂದು ಇಲ್ಲಿ ನೆಲೆಯೂರಿದ್ದು. ಹೊರಗಿನ ಎರಡು ಮೀನು ಸೇರಿ ಈ ಜಲಾಶಯದ ಬೇಟೆಯ ರೀತಿಯನ್ನೇ ಬದಲಿಸಿದವು: ದಡದ ಕಲ್ಲುಗಳ ನಡುವೆ ಸಿಗಡಿ (ಕ್ರೇಫಿಶ್ ಎಂಬ ಸಿಹಿನೀರಿನ ಜೀವಿ) ಹೆಕ್ಕುತ್ತಿದ್ದ ಬಾಸ್ ನಡುನೀರಿಗೆ ಇಳಿಯಿತು, ದಪ್ಪವಾಯಿತು.

ಒಂದು ವಿನಂತಿ ಇಲ್ಲೇ ಹೇಳಿಬಿಡಬೇಕು. ಜೀವಂತ ಮೀನನ್ನು ಯಾವ ಕಾರಣಕ್ಕೂ ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬೇಡಿ, ಉಳಿದ ಎರೆಮೀನನ್ನು ನೀರಿಗೆ ಚೆಲ್ಲಬೇಡಿ. ಜಾರ್ಜಿಯಾದ ಚಟೂಗ್ ಜಲಾಶಯದಲ್ಲಿ ಹೀಗೆ ಬಂದ ಸ್ಪಾಟೆಡ್ ಬಾಸ್ ಅಲ್ಲಿದ್ದ ಸ್ಮಾಲ್‌ಮೌತ್ ಬಾಸ್ ಜೊತೆ ಬೆರೆತು ಅದರ ಕುಲವನ್ನೇ ಅಳಿಸಿಹಾಕಿದೆ.

ಸಲಕರಣೆ: ಮೂರು ರಾಡ್ ಸಾಕು

ಮೊದಲನೆಯದು 7 ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಅಳತೆಯ ರೀಲ್. ಅದಕ್ಕೆ 10 ಪೌಂಡಿನ ಹೆಣೆದ ದಾರ, ತುದಿಗೆ 6ರಿಂದ 8 ಅಡಿ ಉದ್ದದ 8 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಕೊಕ್ಕೆಯ ಕಡೆ ಸೇರಿಸುವ ಪಾರದರ್ಶಕ ದಾರ). ಒಂದೇ ರಾಡ್ ಕೊಳ್ಳುವ ದುಡ್ಡಿದ್ದರೆ ಇದನ್ನೇ ಕೊಳ್ಳಿ. ವರ್ಷದ ಅರ್ಧಕ್ಕಿಂತ ಹೆಚ್ಚು ಮೀನು ಇದರಲ್ಲೇ ಬರುತ್ತದೆ. ಎರಡನೆಯದು ಮೇಲ್ನೀರಿನ ಲೂರ್‌ಗೆ, ಅಂದರೆ ನೀರ ಮೇಲೆ ಓಡಿಸುವ ಕೃತಕ ಎರೆಗೆ, 7 ಅಡಿಯ ಮೀಡಿಯಂ ಹೆವಿ ಬೇಟ್‌ಕಾಸ್ಟಿಂಗ್ ರಾಡ್. ಇದಕ್ಕೆ 30 ಪೌಂಡಿನ ಹೆಣೆದ ದಾರ, ಎರಡು ಅಡಿ ದಪ್ಪ ನೈಲಾನ್ ಲೀಡರ್. ಇಲ್ಲಿ ಫ್ಲೋರೋಕಾರ್ಬನ್ ಬೇಡ: ಅದು ನೀರಲ್ಲಿ ಮುಳುಗಿ ಲೂರಿನ ಮೂಗನ್ನು ಕೆಳಕ್ಕೆಳೆದು ನಡಿಗೆ ಕೆಡಿಸುತ್ತದೆ. ಮೂರನೆಯದು ಕ್ರ್ಯಾಂಕ್‌ಬೇಟ್ (ಸುತ್ತಿದಾಗ ಮುಳುಗಿ ಓಲಾಡುವ ಲೂರ್) ಮತ್ತು ಜಿಗ್‌ಗೆ (ತೂಕದ ತಲೆಯ ಕೊಕ್ಕೆ) 10ರಿಂದ 12 ಪೌಂಡ್ ಫ್ಲೋರೋಕಾರ್ಬನ್ ಸುತ್ತಿದ ಇನ್ನೊಂದು ಬೇಟ್‌ಕಾಸ್ಟರ್.

ದಪ್ಪ ದಾರ ಹಾಕಿದರೆ ಮೀನು ತಪ್ಪುವುದಿಲ್ಲ ಎಂಬ ಲೆಕ್ಕ ಇಲ್ಲಿ ತಿರುಗುಮುರುಗು. ದಕ್ಷಿಣದ ತಿಳಿನೀರಲ್ಲಿ 15 ಪೌಂಡ್ ಲೀಡರ್ ಹಾಕಿದ ಡ್ರಾಪ್ ಶಾಟ್ (ಕೊಕ್ಕೆ ಮೇಲೆ, ತೂಕ ಕೆಳಗಿರುವ ಕಟ್ಟು) ಹತ್ತಿರಕ್ಕೆ ಮೀನು ಬಂದು, ನೋಡಿ, ತಿರುಗಿ ಹೋಗುವುದು ನೀರೊಳಗನ್ನು ತೋರುವ ಸೋನಾರ್ ಯಂತ್ರದ ಪರದೆಯ ಮೇಲೇ ಕಾಣುತ್ತದೆ. 8ಕ್ಕೆ ಇಳಿಸಿದರೆ ಕಚ್ಚುತ್ತದೆ.

ಡ್ರಾಪ್ ಶಾಟ್ ಕಟ್ಟುವ ಬಗೆ

ಇದನ್ನು ನಿಧಾನವಾಗಿ ಕಲಿಯಿರಿ, ಏಕೆಂದರೆ ಲೇನಿಯರ್‌ನಲ್ಲಿ ಹನ್ನೆರಡು ತಿಂಗಳೂ ಕೈಬಿಡದ ಕಟ್ಟು ಇದೊಂದೇ.

1. ಹೆಣೆದ ದಾರಕ್ಕೆ ಲೀಡರನ್ನು ಡಬಲ್ ಯೂನಿ ಗಂಟಿನಿಂದ ಸೇರಿಸಿ. ಹೆಣೆದ ದಾರದ ಕಡೆ ಎಂಟು ಸುತ್ತು, ಲೀಡರ್ ಕಡೆ ಐದು.
2. ಲೀಡರಿನ ತುದಿಯಿಂದ ಎರಡು ಅಡಿ ಬಿಟ್ಟು ದಾರವನ್ನು ಮಡಚಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಲ್ಲಿ ತೂರಿಸಿ ಪಾಲೋಮಾರ್ ಗಂಟು ಹಾಕಿ. ಕೊಕ್ಕೆ 1 ಅಥವಾ 1/0 ಅಳತೆ.
3. ಬಿಗಿಯುವ ಮುಂಚೆ ಗಂಟನ್ನು ಎಂಜಲಿನಿಂದ ಚೆನ್ನಾಗಿ ಒದ್ದೆ ಮಾಡಿ. ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ಫ್ಲೋರೋಕಾರ್ಬನ್ ಸುರುಳಿಗಟ್ಟುತ್ತದೆ. ಗಂಟಿನ ಪಕ್ಕದಲ್ಲಿ ಹಂದಿಬಾಲದಂತೆ ಸುರುಳಿ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ. ಅದು ಮೂರು ಪೌಂಡಿನ ಮೀನಿಗೆ ತುಂಡಾಗುವುದು ಖಂಡಿತ.
4. ಉಳಿದ ಬಾಲದ ದಾರವನ್ನು ಕೊಕ್ಕೆಯ ಮೊನೆ ಇರುವ ಬದಿಯಿಂದ ಕಣ್ಣಿನೊಳಗೆ ಮತ್ತೊಮ್ಮೆ ತೂರಿಸಿ ಕೆಳಗೆ ಎಳೆಯಿರಿ. ಆಗ ಕೊಕ್ಕೆ ದಾರಕ್ಕೆ ಅಡ್ಡವಾಗಿ, ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಮೊನೆ ಕೆಳಗೆ ನೋಡುತ್ತಿದ್ದರೆ ತಪ್ಪು ಬದಿಯಿಂದ ತೂರಿಸಿದ್ದೀರಿ.
5. ಕೊಕ್ಕೆಯಿಂದ 12ರಿಂದ 15 ಇಂಚು ಕೆಳಗೆ 3/8 ಔನ್ಸ್ ತೂಕ ಸಿಕ್ಕಿಸಿ. ಪೊದೆಯಲ್ಲಿ ಗುಂಡಗಿನ ತೂಕ ಕೊಂಬೆಗಳ ಕವಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪೆನ್ಸಿಲಿನ ತುಂಡಿನಂಥ ಉದ್ದ ತೂಕ ಜಾರಿ ಬರುತ್ತದೆ.
6. ನಾಲ್ಕೂವರೆಯಿಂದ ಆರು ಇಂಚಿನ ನೇರ ಪ್ಲಾಸ್ಟಿಕ್ ಹುಳು. ಬಯಲು ತಳವಿದ್ದರೆ ಮೂಗಿಗೆ ಚುಚ್ಚಿ, ಪೊದೆಯಿದ್ದರೆ ಮೊನೆಯನ್ನು ಹುಳುವಿನ ಮೈಯೊಳಗೆ ಮುಚ್ಚಿ.

ತೂಕ ತಳ ಮುಟ್ಟಿದ ಮೇಲೆ ಬಹಳ ಜನ ರಾಡನ್ನು ಜೋರಾಗಿ ಅಲ್ಲಾಡಿಸುತ್ತಾರೆ. ಬೇಡ. ತೂಕವನ್ನು ನೆಲದಲ್ಲೇ ಬಿಟ್ಟು ದಾರವನ್ನು ಕೂದಲೆಳೆಯಷ್ಟು ಸಡಿಲಿಸಿ, ಬಿಗಿ ಮಾಡಿ, ಮತ್ತೆ ಸಡಿಲಿಸಿ; ಹುಳು ಅಷ್ಟಕ್ಕೇ ನಡುಗುತ್ತದೆ. ಸ್ಪಾಟೆಡ್ ಬಾಸ್ ಕಚ್ಚಿದ್ದು ಎಷ್ಟೋ ಸಲ ಹೊಡೆತದಂತೆ ಇರುವುದಿಲ್ಲ. ದಾರ ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಸ್ವಲ್ಪ ಭಾರವಾಗುತ್ತದೆ, ಅಥವಾ ತೂಕವೇ ಮಾಯವಾದ ಹಾಗೆ ಹಗುರಾಗುತ್ತದೆ. ಆಗ ಎಳೆದು ಹೊಡೆಯಬೇಡಿ. ರೀಲ್ ಸುತ್ತುತ್ತಾ ರಾಡನ್ನು ಮೇಲೆತ್ತಿ, ಸಣ್ಣ ಚೂಪು ಕೊಕ್ಕೆ ತಾನೇ ಕಚ್ಚಿಕೊಳ್ಳುತ್ತದೆ. ಜಗ್ಗಿ ಹೊಡೆದರೆ ತೆಳು ದಾರ ಕಡಿಯುತ್ತದೆ, ಇಲ್ಲವೇ ಹುಳು ಮೀನಿನ ಬಾಯಿಂದ ಹೊರಗೆ ಬರುತ್ತದೆ.

ಚಳಿಗಾಲ: ತೋಡುಗಳ ಕಾಲ

ಡಿಸೆಂಬರಿನಿಂದ ಫೆಬ್ರವರಿವರೆಗೆ ನೀರು ಸುಮಾರು 46ರಿಂದ 52 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8ರಿಂದ 11 ಡಿಗ್ರಿ ಸೆಲ್ಸಿಯಸ್. ಚಳಿಗೆ ಮೀನು ಇಡೀ ದಿನ ಆಳದಲ್ಲೇ ಇರುತ್ತದೆ ಎಂದು ಭಾವಿಸುವುದೇ ದೊಡ್ಡ ತಪ್ಪು. ರಾತ್ರಿ ಹೆರಿಂಗ್ ಮತ್ತು ಶಾಡ್ ಎಂಬ ಮೀನಿನ ಮರಿಗಳು ತೋಡು ಹಿಡಿದು ಕೊಲ್ಲಿಯ ತುದಿಗೆ ಬರುತ್ತವೆ. ಬಾಸ್ ಅದೇ ತೋಡಿನಲ್ಲಿ ಹಿಂದೆ ಬರುತ್ತದೆ. ಬೆಳಕು ಹರಿದ ಮೊದಲ ಒಂದೂವರೆ ಗಂಟೆ ಅವು 5ರಿಂದ 15 ಅಡಿ ನೀರಲ್ಲಿರುತ್ತವೆ.

ಕತ್ತಲಿರುವಾಗಲೇ ಕೊಲ್ಲಿ ಸೇರಿ. ದೋಣಿಯನ್ನು ತೋಡಿನ ನಡುವೆ 25 ಅಡಿ ನೀರಲ್ಲಿ ನಿಲ್ಲಿಸಿ ದಡದ ಕಡೆಗೆ ಎಸೆಯಿರಿ. ಲೂರ್ 3/8 ಔನ್ಸಿನ ಅಂಡರ್‌ಸ್ಪಿನ್, ಅಂದರೆ ಜಿಗ್‌ನ ಹೊಟ್ಟೆಯಡಿ ಸಣ್ಣ ಮಿರುಗುವ ತಗಡು ತಿರುಗುವಂಥದ್ದು, ಅದಕ್ಕೆ ಸುಮಾರು ಮೂರು ಇಂಚಿನ ಪ್ಲಾಸ್ಟಿಕ್ ಮೀನು. ತಳ ಮುಟ್ಟಿಸಿ, ತಗಡು ತಿರುಗುವಷ್ಟೇ ನಿಧಾನವಾಗಿ ಸುತ್ತಿಕೊಳ್ಳಿ. ಆಗಾಗ ತಳ ತಾಗಬೇಕು. ಒಮ್ಮೆಯೂ ತಾಗದಿದ್ದರೆ ವೇಗ ಹೆಚ್ಚಾಗಿದೆ.

ಸೂರ್ಯ ಮರಗಳ ಮೇಲೆ ಬಂದಂತೆ ಮೀನು ಅದೇ ತೋಡಿನಲ್ಲಿ ಹಿಂದಕ್ಕೆ ಜಾರುತ್ತದೆ. ನೀವೂ ಹಿಂದೆ ಸರಿಯಿರಿ: 25, ನಂತರ 35, ಹತ್ತು ಗಂಟೆಯ ಹೊತ್ತಿಗೆ 40ರಿಂದ 50 ಅಡಿ. ಇಲ್ಲಿ ಡ್ರಾಪ್ ಶಾಟ್, ಇಲ್ಲವೇ ಅರ್ಧ ಔನ್ಸಿನ ಜಿಗ್ಗಿಂಗ್ ಸ್ಪೂನ್, ಅಂದರೆ ಲೋಹದ ಭಾರದ ಲೂರ್. ಸ್ಪೂನನ್ನು ಎರಡು ಅಡಿ ಮೇಲಕ್ಕೆ ಚಿಮ್ಮಿಸಿ ಬೀಳಲು ಬಿಡಿ. ಬೀಳುವಾಗಲೇ ಕಚ್ಚುವುದರಿಂದ ಕಣ್ಣು ದಾರದ ಮೇಲಿರಲಿ.

ಹೆರಿಂಗ್ ಎಲ್ಲಿದೆ ಎಂದು ಹೇಳಲು ಚಳಿಗಾಲದಲ್ಲಿ ಹಕ್ಕಿಗಳಿಗಿಂತ ಒಳ್ಳೆಯ ಯಂತ್ರವಿಲ್ಲ. ಕಡಲಕಾಗೆ ಸುತ್ತುತ್ತಿದ್ದರೆ ಎರೆ, ಅಂದರೆ ಬಾಸ್ ತಿನ್ನುವ ಹೆರಿಂಗ್‌ನಂಥ ಸಣ್ಣ ಮೀನು, ಮೇಲಿದೆ. ಲೂನ್ ಹಕ್ಕಿಗಳು ಮತ್ತೆ ಮತ್ತೆ ಮುಳುಗುತ್ತಿದ್ದರೆ ಎರೆ ಕೆಳಗಿದೆ. ಹಕ್ಕಿಯೂ ಇಲ್ಲದ, ಸೋನಾರಿನಲ್ಲಿ ಮೋಡದಂಥ ಎರೆಗುಂಪೂ ಕಾಣದ ಕೊಲ್ಲಿಯಲ್ಲಿ ಎಷ್ಟೇ ಚೆಂದದ ತೋಡಿದ್ದರೂ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ.

ಮಾರ್ಚ್: ಕೆಂಪುಮಣ್ಣು ಬಿಸಿಯಾದಾಗ

ನೀರು 52 ದಾಟಿದ ಮೇಲೆ ಮೀನು ಮೊಟ್ಟೆ ಇಡುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳಲು ಮೇಲೆ ಬರುತ್ತದೆ. ವರ್ಷದ ಅತಿ ದಪ್ಪ ಮೀನು ಸಿಗುವ ತಿಂಗಳಿದು. ಕಲ್ಲು ಮತ್ತು ಕೆಂಪುಮಣ್ಣು ಸೇರುವ ದಡ, ಅದರಲ್ಲೂ ಗಾಳಿ ನೇರ ಬಡಿಯುವ ದಡ ಹುಡುಕಿ. ಗಾಳಿ ಅಲೆ ಎಬ್ಬಿಸಿ ಬೆಳಕು ಒಡೆಯುತ್ತದೆ, ಮಣ್ಣು ಕದಡಿ ಸಿಗಡಿಗಳನ್ನು ಹೊರಗೆಳೆಯುತ್ತದೆ. ಎಸೆಯುವುದು ಕಷ್ಟ ಎಂದು ಗಾಳಿ ಇಲ್ಲದ ಬದಿಗೆ ಹೋಗುವವರು ಮೀನನ್ನು ಬಿಟ್ಟು ಹೋಗುತ್ತಾರೆ.

ಸಿಗಡಿ ಬಣ್ಣದ ಕ್ರ್ಯಾಂಕ್‌ಬೇಟ್, 6ರಿಂದ 10 ಅಡಿ ಇಳಿಯುವಂಥದ್ದು, ಕಲ್ಲಿಗೆ ತಾಗುತ್ತಾ ಬರಲಿ. ತಿಳಿನೀರಿದ್ದರೆ ಜರ್ಕ್‌ಬೇಟ್, ಅಂದರೆ ಎಳೆದು ನಿಲ್ಲಿಸುವ ಮೀನಿನಾಕಾರದ ಲೂರ್. ಜರ್ಕ್‌ಬೇಟಿನ ಗುಟ್ಟು ಎಳೆತದಲ್ಲಿಲ್ಲ, ನಿಲುಗಡೆಯಲ್ಲಿದೆ. ನೀರು 50ರ ಕೆಳಗಿದ್ದರೆ ಎರಡು ಎಳೆತದ ನಂತರ ಎಂಟು ಹತ್ತು ಸೆಕೆಂಡ್ ನಿಲ್ಲಿಸಿ. 55ಕ್ಕೆ ಬಂದಾಗ ಮೂರು ನಾಲ್ಕು ಸೆಕೆಂಡ್ ಸಾಕು. ಮನಸ್ಸಿನಲ್ಲೇ ಎಣಿಸಿ, ಇಲ್ಲದಿದ್ದರೆ ಎಂಟು ಸೆಕೆಂಡ್ ಎಂದುಕೊಂಡಿದ್ದು ಮೂರೇ ಆಗಿರುತ್ತದೆ.

ದೋಣಿ ಇಲ್ಲದವರಿಗೆ ವರ್ಷದಲ್ಲಿ ಒಂದೇ ಒಳ್ಳೆಯ ಅವಕಾಶ ಎಂದರೆ ಮಾರ್ಚಿನಿಂದ ಮೇ ನಡುವಿನ ಈ ಹತ್ತು ವಾರ. ಕಮಿಂಗ್‌ನ ಮೇರಿ ಆಲಿಸ್ ಪಾರ್ಕಿನಂಥ ಕಡೆ ಪಾಯಿಂಟಿನ ತುದಿಯಲ್ಲಿ ನಿಂತು, ನೇರ ನಡುನೀರಿಗಲ್ಲ, ದಡಕ್ಕೆ ಓರೆಯಾಗಿ ಬೀಸಣಿಗೆಯಂತೆ ಎಸೆಯಿರಿ. ಎಂಟು ಎಸೆತಕ್ಕೆ ಏನೂ ಆಗದಿದ್ದರೆ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ. ಕಾಲು ದಣಿಯಬೇಕು, ಕೈ ಅಲ್ಲ.

ಏಪ್ರಿಲ್ ಮೊಟ್ಟೆಯ ಕಾಲ. ನೀರು 62ರಿಂದ 68 ಡಿಗ್ರಿ ಇರುವಾಗ ಸ್ಪಾಟೆಡ್ ಬಾಸ್ ಲಾರ್ಜ್‌ಮೌತ್‌ಗಿಂತ ಆಳದಲ್ಲಿ, ಅನೇಕ ಸಲ ಕಣ್ಣಿಗೆ ಕಾಣದ 8ರಿಂದ 15 ಅಡಿಯಲ್ಲಿ ಗೂಡು ಮಾಡುತ್ತದೆ. ಗೂಡು ಕಾಯುವುದು ಗಂಡು. ಅದನ್ನು ಎತ್ತಿ ದೂರ ಒಯ್ದರೆ ನಿಮಿಷಗಳಲ್ಲಿ ಸಣ್ಣ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ. ಗೂಡಿನ ಮೇಲಿನ ಮೀನು ಸಿಕ್ಕರೆ ಸಿಕ್ಕಲ್ಲೇ, ಆಗಲೇ ಬಿಡಿ.

ಮೇ: ದಡಕ್ಕೆ ಬರುವ ಹೆರಿಂಗ್

ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಹೆರಿಂಗ್ ಮೊಟ್ಟೆ ಇಡಲು ಜಲ್ಲಿ, ಮರಳು, ಕಲ್ಲುಗಟ್ಟಿದ ಗಟ್ಟಿ ತಳಕ್ಕೆ ಬರುತ್ತದೆ. ಬೆಳಕು ಹರಿಯುವಾಗ ದಡದಂಚಿನಲ್ಲಿ ಯಾರೋ ಒಂದು ಹಿಡಿ ಅಕ್ಕಿ ಚೆಲ್ಲಿದ ಹಾಗೆ ನೀರು ಪಟಪಟ ಸಿಡಿಯುತ್ತಿದ್ದರೆ ಅದೇ ಹೆರಿಂಗ್. ಅದರ ಬೆನ್ನಿಗೇ ಬಾಸ್. ಇಡೀ ವರ್ಷದಲ್ಲಿ ಸ್ಪಾಟೆಡ್ ಬಾಸ್ ಇಷ್ಟು ಬಹಿರಂಗವಾಗಿ ತನ್ನ ಜಾಗ ತೋರಿಸುವುದು ಈಗ ಮಾತ್ರ.

ಎರಡು ದಿಬ್ಬಗಳ ನಡುವೆ, ಅಥವಾ ದ್ವೀಪ ಮತ್ತು ದಡದ ನಡುವೆ ಗಾಳಿ ನೀರನ್ನು ತಳ್ಳಿಕೊಂಡು ಹೋಗುವ ತಗ್ಗು ಇದ್ದರೆ ಅಲ್ಲಿಂದಲೇ ಶುರು ಮಾಡಿ. ಐದು ಇಂಚಿನ ಫ್ಲೂಕ್ ಎಂಬ ಮೆತ್ತನೆ ಜರ್ಕ್‌ಬೇಟ್, ನಾಲ್ಕೈದು ಇಂಚಿನ ಈಜುಮೀನು, ಮೇಲ್ನೀರಿನಲ್ಲಿ ಎಡಬಲ ಓಲಾಡುವ ವಾಕಿಂಗ್ ಲೂರ್. ಬಣ್ಣ ಬೆಳ್ಳಿ ಅಥವಾ ಬಿಳಿ. ಬೇರೆ ಬಣ್ಣದ ಚರ್ಚೆ ಇಲ್ಲಿ ವ್ಯರ್ಥ. ಸೂರ್ಯ ಏರಿದ ಮೇಲೆ ದಡ ಸತ್ತಂತಾಗುತ್ತದೆ. ಆಗ ಅದೇ ಪಾಯಿಂಟಿನ ಆಳದ ತುದಿಯಲ್ಲಿರುವ ಮೊದಲ ಪೊದೆರಾಶಿಗೆ ಸರಿಯಿರಿ.

ಬೇಸಿಗೆ: ಪೊದೆ, ಆಳ, ಆಮ್ಲಜನಕ

ಜೂನ್ ಹೊತ್ತಿಗೆ ನೀರು ಪದರ ಕಟ್ಟುತ್ತದೆ. ಮೇಲೆ 85 ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ 29 ಸೆಲ್ಸಿಯಸ್ಸಿನ ಬಿಸಿ ಪದರ, ಕೆಳಗೆ ತಣ್ಣನೆಯ ಪದರ. ನಡುವೆ ಉಷ್ಣತೆ ದಿಢೀರನೆ ಇಳಿಯುವ ಪಟ್ಟಿಗೆ ಥರ್ಮೋಕ್ಲೈನ್ ಎಂದು ಹೆಸರು. ಸೋನಾರಿನ ಸೂಕ್ಷ್ಮತೆ ಹೆಚ್ಚಿಸಿದರೆ ಅದು 25ರಿಂದ 35 ಅಡಿಯ ನಡುವೆ ಮಸುಕು ಗೆರೆಯಾಗಿ ಕಾಣುತ್ತದೆ. ಹೆರಿಂಗ್‌ಗೆ ತಂಪೂ ಬೇಕು, ಆಮ್ಲಜನಕವೂ ಬೇಕು, ಆದ್ದರಿಂದ ಆ ಗೆರೆಯ ಸುತ್ತಮುತ್ತ ತೂಗಾಡುತ್ತದೆ. ಬಾಸ್ ಅದೇ ಆಳ ಮುಟ್ಟುವ ಪಾಯಿಂಟ್ ಮತ್ತು ಹಂಪ್‌ಗಳ ಪೊದೆಗಳಲ್ಲಿ ಕಾದು ಕೂರುತ್ತದೆ: ಜೂನ್‌ನಲ್ಲಿ 20ರಿಂದ 25 ಅಡಿ, ಆಗಸ್ಟ್‌ನಲ್ಲಿ 30 ಅಥವಾ ಅದಕ್ಕೂ ಕೆಳಗೆ, ಮುಳುಗಿದ ಮರಗಳ ತುದಿಯಲ್ಲಿ.

ಇಪ್ಪತ್ತೈದು ಅಡಿ ಆಳದ ಮೀನಿಗೆ ಮೇಲ್ನೀರಿನ ಲೂರ್ ಎಸೆಯುವುದು ಮೊದಲ ಸಲ ಕೇಳಿದವರಿಗೆ ನಂಬಿಕೆ ಬಾರದು. ಆದರೆ ತಿಳಿನೀರಲ್ಲಿ ಸ್ಪಾಟೆಡ್ ಬಾಸ್ ಮೇಲೆ ಓಡುವ ಹೆರಿಂಗ್‌ನ ನೆರಳು ಕಂಡರೆ ಬಾಣದಂತೆ ಏರಿ ಬರುತ್ತದೆ. ಕ್ರಮ ಹೀಗೆ:

ಪೊದೆಯನ್ನು ಸೋನಾರಿನಲ್ಲಿ ಕಂಡು ನಕ್ಷೆಯಲ್ಲಿ ಗುರುತು ಹಾಕಿ. ಅದರ ಮೇಲೆ ದೋಣಿ ಓಡಿಸಬೇಡಿ. 70–80 ಅಡಿ ದೂರ, ಗಾಳಿ ಬೆನ್ನಿಗೆ ಬರುವ ಹಾಗೆ ನಿಲ್ಲಿ. ಲೂರನ್ನು ಪೊದೆ ದಾಟಿಸಿ ಎಸೆದು, ನಿಲ್ಲಿಸದೆ, ಒಂದೇ ಲಯದಲ್ಲಿ ಎಡಬಲ ನಡೆಸಿಕೊಂಡು ಬನ್ನಿ. ಮೀನು ನೆಗೆದು ತಪ್ಪಿಸಿಕೊಂಡರೆ ಕೈ ಜಗ್ಗಬೇಡಿ, ಲಯ ಮುರಿಯಬೇಡಿ. ಗುಂಪಿನಲ್ಲಿ ಬಂದ ಇನ್ನೊಂದು ಹಿಂದೆಯೇ ಇರುತ್ತದೆ. ದಾರ ಭಾರವಾದ ಮೇಲಷ್ಟೇ ರಾಡ್ ಎತ್ತಿ. ಐದು ಎಸೆತಕ್ಕೆ ಏನೂ ಬಾರದಿದ್ದರೆ ಫ್ಲೂಕ್, ಅದಕ್ಕೂ ಬಾರದಿದ್ದರೆ ಪೊದೆಯ ಮೇಲೆ ಹೋಗಿ ಡ್ರಾಪ್ ಶಾಟ್ ಇಳಿಸಿ. ಅಲ್ಲೂ ಇಲ್ಲದಿದ್ದರೆ ಮುಂದಿನ ಪೊದೆ. ಆದರೆ ಒಂದು ಗಂಟೆ ಬಿಟ್ಟು ಮತ್ತೆ ಬನ್ನಿ. ಖಾಲಿಯಿದ್ದ ಪೊದೆ ಹೆರಿಂಗ್ ಹಾದುಹೋದ ಕೂಡಲೇ ತುಂಬುತ್ತದೆ.

ನೀರು ಕನ್ನಡಿಯಂತೆ ನಿಂತಿದ್ದರೆ ದೊಡ್ಡ ಲೂರ್ ಮೀನನ್ನು ಹೆದರಿಸುತ್ತದೆ. ಸಣ್ಣ ಸುಕ್ಕು ಎದ್ದಾಗ ಅದೇ ಲೂರ್‌ಗೆ ಮೀನು ಹುಚ್ಚೆದ್ದು ಬರುತ್ತದೆ. ಶನಿವಾರ ಭಾನುವಾರ ಹತ್ತು ಗಂಟೆಯ ಮೇಲೆ ದಕ್ಷಿಣ ಭಾಗದಲ್ಲಿ ದೋಣಿಗಳ ಅಲೆ ತಡೆಯಲಾಗದು. ಬೇಸಿಗೆಯ ಬೇಟೆ ವಾರದ ನಡುವಿನ ನಸುಕಿಗೆ ಸೇರಿದ್ದು.

ಶರತ್ಕಾಲ, ನೀರು ಮಗುಚುವ ಹೊತ್ತು

ಸೆಪ್ಟೆಂಬರ್ ಕಷ್ಟದ ತಿಂಗಳು: ಎರೆ ಚೆದುರಿರುತ್ತದೆ, ಮೀನು ಒಂದು ದಿನ ಇದ್ದಲ್ಲಿ ಮರುದಿನ ಇರುವುದಿಲ್ಲ. ಅಕ್ಟೋಬರಿನಲ್ಲಿ ನೀರು 75ರ ಕೆಳಗೆ ಇಳಿದಂತೆ ಪೊದೆಗಳ ಮೇಲಿನ ಮೇಲ್ನೀರಿನ ಆಟ ಮತ್ತೆ ಜೀವ ಪಡೆಯುತ್ತದೆ, ಈ ಸಲ ಮಧ್ಯಾಹ್ನವೂ ನಡೆಯುತ್ತದೆ. ನವೆಂಬರಿನಲ್ಲಿ ಎರೆ ಕೊಲ್ಲಿಗಳೊಳಗೆ ನುಗ್ಗುತ್ತದೆ. ಹಿಂದೆಯೇ ಸ್ಪೂನ್ ಹಿಡಿದು ಹೋಗಿ.

ಮೇಲ್ನೀರು ತಣಿದು ಭಾರವಾಗಿ ಇಳಿಯುತ್ತಾ ಬಂದಂತೆ ಥರ್ಮೋಕ್ಲೈನ್ ದಿನದಿನಕ್ಕೆ ಕೆಳಗೆ ಜಾರುತ್ತದೆ. ಲೇನಿಯರ್ ಆಳವಾದ್ದರಿಂದ ಇಡೀ ನೀರು ಬೆರೆಯುವುದು ಚಳಿಗಾಲದ ಬಾಗಿಲಿಗೆ ಬಂದ ಮೇಲೆಯೇ. ತಳದ ಆಮ್ಲಜನಕವಿಲ್ಲದ ನೀರು ಮೇಲೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ, ಪಾಚಿಬಣ್ಣದ ಮಬ್ಬು. ಆ ದಿನಗಳಲ್ಲಿ ಅಣೆಕಟ್ಟಿನ ಬಳಿ ಹೆಣಗಬೇಡಿ. ಮೇಲ್ಭಾಗದ ಆಳ ಕಡಿಮೆಯ ಕೊಲ್ಲಿಗಳು ಮೊದಲೇ ಬೆರೆತು ಮುಗಿಸಿರುತ್ತವೆ, ಅಲ್ಲಿಗೆ ಹೋಗಿ.

ಆಳದಿಂದ ಎತ್ತಿದ ಮೀನಿನ ಜೀವ

ಮೂವತ್ತು ಅಡಿಗಿಂತ ಕೆಳಗಿನಿಂದ ಎತ್ತಿದ ಬಾಸಿನ ಗಾಳಿಚೀಲ ಒತ್ತಡ ಇಳಿದು ಉಬ್ಬುತ್ತದೆ. ಹಿಡಿದು, ಕೊಕ್ಕೆ ಬಿಡಿಸಿ, ಅರ್ಧ ನಿಮಿಷದಲ್ಲಿ ತಲೆ ಕೆಳಗಾಗಿ ನೀರಿಗೆ ತೂರಿದರೆ ಬಹುಪಾಲು ತಾನೇ ಇಳಿದು ಹೋಗುತ್ತದೆ. ಫೋಟೋ ತೆಗೆಯುತ್ತಾ ನಿಂತರೆ ಅಥವಾ ಲೈವ್‌ವೆಲ್ ತೊಟ್ಟಿಯಲ್ಲಿ ಇಟ್ಟರೆ ಪಕ್ಕಕ್ಕೆ ಮಗುಚಿ ತೇಲುತ್ತದೆ.

ತೇಲಿದ ಮೀನನ್ನು ಉಳಿಸುವ ಸುಲಭ ಉಪಾಯ ಇಳಿಸುವ ಕ್ಲಿಪ್: ದವಡೆಗೆ ಸಿಕ್ಕಿಸಿ ಭಾರದೊಂದಿಗೆ ಹಿಡಿದ ಆಳಕ್ಕೆ ಇಳಿಸಿದರೆ ಒತ್ತಡಕ್ಕೆ ಚೀಲ ಮತ್ತೆ ಕುಗ್ಗುತ್ತದೆ, ಮೀನು ಕಳಚಿಕೊಂಡು ಹೋಗುತ್ತದೆ. ಇನ್ನೊಂದು ಸೂಜಿಯ ದಾರಿ. 18 ಗೇಜಿನ ಟೊಳ್ಳು ಸೂಜಿ ಬೇಕು. ಮೀನನ್ನು ನೀರೊಳಗೇ ಪಕ್ಕಕ್ಕೆ ಮಲಗಿಸಿ, ಬೆನ್ನಿನ ಮುಳ್ಳುರೆಕ್ಕೆ ಮತ್ತು ಮೆದುರೆಕ್ಕೆ ಸೇರುವ ತಗ್ಗಿನಿಂದ ಗುದದ್ವಾರದವರೆಗೆ ಒಂದು ಗೆರೆ ಕಲ್ಪಿಸಿಕೊಳ್ಳಿ. ಪಾರ್ಶ್ವರೇಖೆಯಿಂದ ನಾಲ್ಕೈದು ಹುರುಪೆ ಕೆಳಗೆ ಆ ಗೆರೆಯ ಮೇಲೆ, ಹುರುಪೆಯ ಅಡಿಯಿಂದ ಸೂಜಿ ತೂರಿಸಿ. ಗುಳ್ಳೆ ಬರುತ್ತದೆ. ಮೀನು ತಾನೇ ನೆಟ್ಟಗಾಗಲು ಯತ್ನಿಸಿದ ಕ್ಷಣ ಸೂಜಿ ತೆಗೆಯಿರಿ. ಗಾಳಿ ಪೂರ್ತಿ ಹೋದರೆ ಮೀನು ತಳಕ್ಕೆ ಬಿದ್ದು ಏಳಲಾರದು. ಬಾಯಿಂದ ಹೊರಬಂದ ಚೀಲದಂಥದ್ದಕ್ಕೆ ಚುಚ್ಚಬೇಡಿ, ಅದು ಹೊಟ್ಟೆ, ಗಾಳಿಚೀಲವಲ್ಲ. ಈ ಕೈಚಳಕ ಒಬ್ಬ ಬಲ್ಲವರು ಎದುರು ನಿಂತು ತೋರಿಸಿದ ಮೇಲೆ ಮಾಡುವುದು ಒಳ್ಳೆಯದು. ಆಗಸ್ಟ್‌ನ ಬಿಸಿನೀರಲ್ಲಿ 40 ಅಡಿಯ ಮೀನನ್ನು ಬಿಡುವ ಆಟಕ್ಕಾಗಿ ಹಿಡಿಯದೇ ಇರುವುದು ಅದಕ್ಕಿಂತ ಒಳ್ಳೆಯದು.

ನಿಯಮ, ಸುರಕ್ಷತೆ

16 ವರ್ಷ ತುಂಬಿದ ಎಲ್ಲರಿಗೂ ಜಾರ್ಜಿಯಾದ ಮೀನುಗಾರಿಕೆ ಲೈಸೆನ್ಸ್ ಬೇಕು. ಬಾಸ್ ಜಾತಿಗಳೆಲ್ಲ ಸೇರಿ ದಿನಕ್ಕೆ ಒಬ್ಬರಿಗೆ ಹತ್ತು. ರಾಜ್ಯದ ಬೇರೆ ನೀರುಗಳಲ್ಲಿ ಸ್ಪಾಟೆಡ್ ಬಾಸ್‌ಗೆ ಉದ್ದದ ಮಿತಿ ಇಲ್ಲದಿದ್ದರೂ ಲೇನಿಯರ್‌ನಲ್ಲಿ 14 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ನಿಯಮಗಳು ಬದಲಾಗುತ್ತವೆ, ಪ್ರತಿ ವರ್ಷ ಲೈಸೆನ್ಸ್ ನವೀಕರಿಸುವಾಗ ಹೊಸ ಪುಸ್ತಿಕೆ ನೋಡಿ. ಬಾಲ ಒತ್ತಿ ಹಿಡಿದು, ಬಾಯಿ ಮುಚ್ಚಿಸಿ ಅಳೆಯಿರಿ. ಮಿತಿ ದಾಟಿದ ಎರಡು ಮೀನು ಮನೆಗೆ ಒಯ್ದು ರವೆ ಹಚ್ಚಿ ಹುರಿಯುವುದರಲ್ಲಿ ತಪ್ಪೇನಿಲ್ಲ, ಮಾಂಸ ಬಿಳಿ, ಗಟ್ಟಿ, ರುಚಿ. ಯಾವ ನೀರಿನ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂದು ರಾಜ್ಯ ಪ್ರಕಟಿಸುವ ಸೂಚನೆಯನ್ನು ಮೊದಲು ಓದಿ, ಬಸುರಿಯರು ಮತ್ತು ಮಕ್ಕಳು ಇರುವ ಮನೆಯಲ್ಲಿ ಖಂಡಿತ ಓದಿ.

1998ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮೋಟಾರು ದೋಣಿ ನಡೆಸಲು ದೋಣಿ ಶಿಕ್ಷಣದ ಪರೀಕ್ಷೆ ಮುಗಿಸಿರಬೇಕು. 13ರ ಕೆಳಗಿನ ಮಕ್ಕಳು ಓಡುವ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟೇ ಇರಬೇಕು. ಚಳಿಗಾಲದಲ್ಲಿ ದೊಡ್ಡವರೂ ತೊಡಲೇಬೇಕು, ಕಾನೂನು ಹೇಳಲಿ ಬಿಡಲಿ. 48 ಡಿಗ್ರಿ ನೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ಹತೋಟಿ ತಪ್ಪುತ್ತದೆ, ಹತ್ತು ನಿಮಿಷದಲ್ಲಿ ಬೆರಳು ಮಡಚಲಾಗುವುದಿಲ್ಲ. ಎಷ್ಟೇ ಈಜು ಬಂದರೂ ಜಾಕೆಟ್ಟಿಲ್ಲದೆ ದೋಣಿಗೆ ಮರಳಿ ಹತ್ತುವುದು ಆಗದ ಮಾತು. ದೋಣಿಯ ಹಿಂಭಾಗದಲ್ಲಿ ಏಣಿ ಇದೆಯೇ, ಒಬ್ಬರೇ ಹೋದ ದಿನ ನೀರಿನಿಂದಲೇ ಅದನ್ನು ಕೆಳಗೆಳೆಯಲು ಆಗುತ್ತದೆಯೇ ಎಂದು ದಡದಲ್ಲಿರುವಾಗಲೇ ಒಮ್ಮೆ ಎಳೆದು ನೋಡಿ.